ಸರ್ಪದಾರಿಯಲ್ಲಿ ಹತ್ತಿ, ಸೀತಾಳಯ್ಯನಗಿರಿಯ ಕಡೆ ಇಳಿದು: ಬೆಂಗಳೂರಿನಿಂದ ಮುಳ್ಳಯ್ಯನಗಿರಿಯ ಹುಲ್ಲುಗಾವಲಿಗೆ ಒಂದು ದಿನದ ಸುತ್ತು

ಮುಳ್ಳಯ್ಯನಗಿರಿಗೆ ಕಾರಿನಲ್ಲಿ ಹೋಗಿಬಂದವರು ಬೆಂಗಳೂರಿನಲ್ಲಿ ಮನೆಗೊಬ್ಬರು ಸಿಗುತ್ತಾರೆ. ವಾಹನ ನಿಲ್ಲುವಲ್ಲಿಂದ ಸುಮಾರು 500 ಮೆಟ್ಟಿಲು ಹತ್ತಿ, ದೇವರಿಗೆ ಕೈಮುಗಿದು, ಗಾಳಿಗೆ ಮುಖವೊಡ್ಡಿ, ಫೋಟೊ ತೆಗೆದುಕೊಂಡು ಇಳಿದುಬಿಟ್ಟರೆ 1,930 ಮೀಟರ್ ಎತ್ತರದ, ಕರ್ನಾಟಕದ ಅತಿ ಎತ್ತರದ ಶಿಖರವನ್ನು ನೋಡಿದಂತಾಯಿತು. ಆದರೆ ಆ ಬೆಟ್ಟದ ಮೈಮೇಲೆ ಹಾಸಿರುವ ಹುಲ್ಲುಗಾವಲು ಕಾರಿನ ಕಿಟಕಿಗೆ ಸಿಗುವಂಥದ್ದಲ್ಲ. ಅದನ್ನು ಕಾಣಬೇಕಾದರೆ ಒಂದು ಕಡೆಯಿಂದ ನಡೆದು ಹತ್ತಬೇಕು, ಇನ್ನೊಂದು ಕಡೆಯಿಂದ ನಡೆದು ಇಳಿಯಬೇಕು. ಹತ್ತಿದ ದಾರಿಯಲ್ಲೇ ಹಿಂತಿರುಗಿದರೆ ಬೆಟ್ಟದ ಒಂದೇ ಮಗ್ಗುಲು ನೋಡಿದಂತಾಗುತ್ತದೆ.

ಈ ಸುತ್ತು ಹೀಗಿದೆ. ಚಿಕ್ಕಮಗಳೂರಿನಿಂದ ಕೈಮರದ ಮೂಲಕ ಬಾಬಾಬುಡನ್‌ಗಿರಿಗೆ ಹೋಗುವ ರಸ್ತೆಯ ಬದಿಯಲ್ಲಿ ಸರ್ಪದಾರಿ ಆರಂಭವಾಗುತ್ತದೆ. ಅಲ್ಲಿಂದ ಸುಮಾರು 4 ಕಿ.ಮೀ. ಹುಲ್ಲಿನ ಏರನ್ನು ಹತ್ತಿ ಶಿಖರ ತಲುಪುತ್ತೇವೆ. ಆಚೆ ಬದಿಯ ಮೆಟ್ಟಿಲುಗಳಿಂದ ಇಳಿದು, ರಸ್ತೆಯಗುಂಟ ಸೀತಾಳಯ್ಯನಗಿರಿಗೆ ಬಂದು, ಅಲ್ಲಿಂದ ಬಾಬಾಬುಡನ್‌ಗಿರಿ ರಸ್ತೆಗೆ ಸೇರಿ ಹೊರಟ ಜಾಗಕ್ಕೆ ಮರಳುತ್ತೇವೆ. ಊಟ, ವಿಶ್ರಾಂತಿ, ದೇವಸ್ಥಾನ ಎಲ್ಲ ಸೇರಿ ಆರರಿಂದ ಏಳು ಗಂಟೆ ಇಟ್ಟುಕೊಳ್ಳಿ. ಹಗ್ಗ ಹಿಡಿದು ಹತ್ತುವ ಬಂಡೆಗಳು ಇಲ್ಲಿಲ್ಲ. ಹಾಗೆಂದು ಲಾಲ್‌ಬಾಗ್ ಬಂಡೆಯ ಮೇಲಿನ ವಾಯುವಿಹಾರವೂ ಇದಲ್ಲ.

ಯಾವ ತಿಂಗಳು

ಸೆಪ್ಟೆಂಬರ್ ಕೊನೆಯಿಂದ ನವೆಂಬರ್‌ವರೆಗೆ ಬೆಟ್ಟ ಹಸಿರಾಗಿರುತ್ತದೆ. ಡಿಸೆಂಬರ್‌ನಿಂದ ಫೆಬ್ರುವರಿಯವರೆಗೆ ಹುಲ್ಲು ಹೊಂಬಣ್ಣಕ್ಕೆ ತಿರುಗಿ, ಬೆಳಗಿನ ಹೊತ್ತು ಬಹಳ ದೂರದವರೆಗೆ ಕಣ್ಣು ಹಾಯುತ್ತದೆ. ಎರಡರಲ್ಲಿ ಒಂದನ್ನು ಆರಿಸಿಕೊಳ್ಳಲು ಹೇಳಿದರೆ ನಾನು ನವೆಂಬರ್ ನಡುಭಾಗವನ್ನು ಹೇಳುತ್ತೇನೆ. ಮಳೆ ಹಿಂದೆ ಸರಿದಿರುತ್ತದೆ, ಝರಿಗಳು ಇನ್ನೂ ಬತ್ತಿರುವುದಿಲ್ಲ, ಹುಲ್ಲಿನ ತೆನೆಗಳ ಮೇಲೆ ಇಬ್ಬನಿ ಇರುತ್ತದೆ.

ಜೂನ್‌ನಿಂದ ಆಗಸ್ಟ್‌ವರೆಗೆ ಮೊದಲ ಸಲ ಹೋಗುವವರು ಹೋಗಬೇಡಿ. ಮಂಜು ಕವಿದರೆ ಹತ್ತು ಹೆಜ್ಜೆ ಮುಂದಿನ ದಾರಿ ಕಾಣುವುದಿಲ್ಲ, ಗಾಳಿ ನಿಂತವರನ್ನು ತಳ್ಳುತ್ತದೆ, ಘಟ್ಟದ ರಸ್ತೆಗಳಲ್ಲಿ ಗುಡ್ಡ ಕುಸಿಯುವುದೂ ಉಂಟು. ಮಾರ್ಚ್‌ನಿಂದ ಮೇವರೆಗೆ ಹುಲ್ಲು ಕಡ್ಡಿಯಂತೆ ಒಣಗಿರುತ್ತದೆ. ಕಾಡ್ಗಿಚ್ಚಿನ ಭಯದಿಂದ ಅರಣ್ಯ ಇಲಾಖೆ ಬೇಸಿಗೆಯಲ್ಲಿ ಚಾರಣದ ಹಾದಿಗಳನ್ನು ಮುಚ್ಚುವುದುಂಟು. ಸರ್ಪದಾರಿಯುದ್ದಕ್ಕೂ ನೆರಳೆಂಬುದೇ ಇಲ್ಲವಾದ್ದರಿಂದ, ದಾರಿ ತೆರೆದಿದ್ದರೂ ಆ ತಿಂಗಳುಗಳ ಬಿಸಿಲು ಬಳಲಿಸುತ್ತದೆ.

ಇನ್ನೊಂದು ದಿನಾಂಕವನ್ನೂ ನೋಡಿಕೊಳ್ಳಿ. ಡಿಸೆಂಬರ್ ಸುಮಾರಿಗೆ ದತ್ತ ಜಯಂತಿ ಬರುತ್ತದೆ. ಆ ಕೆಲವು ದಿನ ಗಿರಿಯ ಕಡೆ ಪ್ರವಾಸಿಗರಿಗೆ ನಿರ್ಬಂಧ ಇರುತ್ತದೆ. ಪಂಚಾಂಗ ನೋಡದೆ ಬಸ್ಸಿನ ಟಿಕೆಟ್ ಕಾಯ್ದಿರಿಸಿ, ಚಿಕ್ಕಮಗಳೂರಿನಿಂದಲೇ ಹಿಂತಿರುಗಿದ ಅನುಭವ ನನ್ನದು. ವಾರದ ನಡುವೆ ರಜೆ ಹಾಕಲು ಸಾಧ್ಯವಿದ್ದರೆ ಮಂಗಳವಾರ ಅಥವಾ ಬುಧವಾರ ಹೋಗಿ. ಶನಿವಾರ, ಭಾನುವಾರದ ಬೆಟ್ಟವೇ ಬೇರೆ.

ಅನುಮತಿ

2024ರ ಜನವರಿಯಲ್ಲಿ, ಗಣರಾಜ್ಯೋತ್ಸವದ ರಜೆಗೆ ಕುಮಾರಪರ್ವತಕ್ಕೆ ಸಾವಿರಾರು ಮಂದಿ ಒಮ್ಮೆಗೇ ನುಗ್ಗಿದ ಚಿತ್ರಗಳನ್ನು ನೀವೂ ನೋಡಿರುತ್ತೀರಿ. ಅದರ ಬೆನ್ನಿಗೇ ಸರ್ಕಾರ ಅರಣ್ಯ ಪ್ರದೇಶದ ಚಾರಣಗಳಿಗೆ ತಡೆ ಹಾಕಿ, ಅದೇ ವರ್ಷದ ಅಕ್ಟೋಬರ್‌ನಲ್ಲಿ ಚಾರಣಕ್ಕೆ ಮುಂಗಡ ಕಾಯ್ದಿರಿಸುವ 'ಅರಣ್ಯ ವಿಹಾರ' ಎಂಬ ಜಾಲತಾಣವನ್ನು ತೆರೆಯಿತು. ದಿನಕ್ಕೆ ಇಷ್ಟೇ ಜನ ಎಂಬ ಮಿತಿ ಬಂತು. ಮುಳ್ಳಯ್ಯನಗಿರಿ, ಸೀತಾಳಯ್ಯನಗಿರಿ, ಬಾಬಾಬುಡನ್‌ಗಿರಿ ಕಡೆಗೆ ಹೋಗುವ ಪ್ರವಾಸಿ ವಾಹನಗಳಿಗೂ 2025ರ ಸೆಪ್ಟೆಂಬರ್‌ನಿಂದ ಜಿಲ್ಲಾಡಳಿತ ತನ್ನ ಜಾಲತಾಣದಲ್ಲಿ ಮುಂಗಡ ನೋಂದಣಿಯನ್ನು ಕಡ್ಡಾಯ ಮಾಡಿದೆ. ಬೆಳಿಗ್ಗೆ ಒಂದು ಸರದಿ, ಮಧ್ಯಾಹ್ನ ಒಂದು ಸರದಿ. ನೀವು ನಡೆದೇ ಹತ್ತುವವರಾದರೂ ನಿಮ್ಮನ್ನು ಸರ್ಪದಾರಿಯ ಬುಡಕ್ಕೆ ಬಿಡುವ ವಾಹನ ಕೈಮರದ ತಪಾಸಣಾ ಠಾಣೆಯನ್ನು ದಾಟಿಯೇ ಹೋಗಬೇಕು. ಆದ್ದರಿಂದ ಹೊರಡುವ ವಾರ ಎರಡೂ ತಾಣಗಳನ್ನು ತೆರೆದು ನೋಡಿ, ಬೆಳಗಿನ ಸರದಿಗೇ ನೋಂದಾಯಿಸಿ, ಗುರುತಿನ ಚೀಟಿಯ ಮೂಲಪ್ರತಿ ಇಟ್ಟುಕೊಳ್ಳಿ.

ಇದನ್ನು ಕಿರುಕುಳವೆಂದು ಗೊಣಗುವವರಿದ್ದಾರೆ. ನನಗೆ ಹಾಗೆ ಅನ್ನಿಸುವುದಿಲ್ಲ. ಒಂದು ಹುಲ್ಲಿನ ದಾರಿ ಒಂದು ದಿನದಲ್ಲಿ ಎಷ್ಟು ಪಾದಗಳನ್ನು ತಾಳಿಕೊಳ್ಳಬಲ್ಲದು ಎಂಬುದಕ್ಕೊಂದು ಎಲ್ಲೆಯಿದೆ.

ಬೆಂಗಳೂರಿನಲ್ಲೇ ಮೈ ಪಳಗಿಸುವುದು

ನಾಲ್ಕು ವಾರ ಸಾಕು. ಮೊದಲ ಎರಡು ವಾರ ದಿನಕ್ಕೆ ನಲವತ್ತು ನಿಮಿಷ ಬಿರುಸಿನ ನಡಿಗೆ: ಕಬ್ಬನ್ ಪಾರ್ಕ್ ಆಗಬಹುದು, ನಿಮ್ಮ ಬಡಾವಣೆಯ ಕೆರೆಯ ಏರಿ ಆಗಬಹುದು. ಇದರ ಜೊತೆಗೆ ಲಿಫ್ಟ್ ಬಿಟ್ಟುಬಿಡಿ. ಮೆಟ್ರೊ ನಿಲ್ದಾಣದಲ್ಲಿ ಎಸ್ಕಲೇಟರ್ ಪಕ್ಕದ ಮೆಟ್ಟಿಲು ಯಾವಾಗಲೂ ಖಾಲಿ ಇರುತ್ತದೆ. ಮೂರನೆಯ ವಾರದಿಂದ ಬೆನ್ನಿಗೆ ಚೀಲ ಹಾಕಿಕೊಂಡು, ಅದರಲ್ಲಿ ಮೂರು ಲೀಟರ್ ನೀರು ಇಟ್ಟುಕೊಂಡು ಹತ್ತಿ ಇಳಿಯಿರಿ. ಹತ್ತುವುದಕ್ಕಿಂತ ಇಳಿಯುವ ಅಭ್ಯಾಸ ಮುಖ್ಯ. ಹತ್ತುವಾಗ ಶ್ವಾಸಕೋಶ ದಣಿಯುತ್ತದೆ, ನಿಂತರೆ ಸರಿಹೋಗುತ್ತದೆ. ಇಳಿಯುವಾಗ ತೊಡೆಯ ಮುಂಭಾಗದ ಸ್ನಾಯುಗಳು ಪ್ರತಿ ಹೆಜ್ಜೆಗೂ ಮೈಭಾರವನ್ನು ತಡೆಯಬೇಕಾಗುತ್ತದೆ. ಅಭ್ಯಾಸವಿಲ್ಲದವರಿಗೆ ಮರುದಿನ ಕುರ್ಚಿಯಿಂದ ಏಳುವುದೇ ಕಷ್ಟವಾಗುವುದು ಇದರಿಂದಲೇ.

ಹೊರಡುವ ಹಿಂದಿನ ಭಾನುವಾರ ಒಂದು ಪರೀಕ್ಷೆ ಮಾಡಿಕೊಳ್ಳಿ. 1,478 ಮೀಟರ್ ಎತ್ತರದ ನಂದಿ ಬೆಟ್ಟವನ್ನು ಸುಲ್ತಾನ್‌ಪೇಟೆ ಕಡೆಯ ಮೆಟ್ಟಿಲುಗಳಿಂದ ಹತ್ತಿ ಅಲ್ಲಿಂದಲೇ ಇಳಿಯಿರಿ. ಹತ್ತುತ್ತಾ ಜೊತೆಯವರೊಡನೆ ಪೂರ್ತಿ ವಾಕ್ಯದಲ್ಲಿ ಮಾತನಾಡಲು ಆಗುತ್ತಿದ್ದರೆ ಸರ್ಪದಾರಿ ನಿಮಗೆ ಕಷ್ಟವಲ್ಲ. ಎದೆನೋವು, ಏರು ರಕ್ತದೊತ್ತಡ, ಹಳೆಯ ಮೊಣಕಾಲ ಪೆಟ್ಟು ಇರುವವರು ವೈದ್ಯರನ್ನು ಕೇಳಿಯೇ ಮುಂದುವರಿಯಿರಿ. ಹೊಸ ಬೂಟುಗಳನ್ನು ಹಾಕಿಕೊಂಡು ಬೆಟ್ಟಕ್ಕೆ ಬರಬೇಡಿ. ಆ ಪರೀಕ್ಷೆಯ ದಿನವೇ ಅವು ಕಾಲಿಗೆ ಒಗ್ಗಿಕೊಳ್ಳಲಿ.

ಚೀಲದಲ್ಲಿ ಏನು

ಒಬ್ಬರಿಗೆ ಮೂರು ಲೀಟರ್ ನೀರು, ಮರುಬಳಕೆಯ ಬಾಟಲಿಗಳಲ್ಲಿ. ದಾರಿಯಲ್ಲಿ ನೀರು ಸಿಗುತ್ತದೆ ಎಂದು ನಂಬಿ ಹೊರಡಬೇಡಿ. ಒಂದು ಲೀಟರಿಗೆ ಆರು ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಬೆರೆಸಿ ಅದಕ್ಕೆ ನಿಂಬೆರಸ ಹಿಂಡಿಕೊಳ್ಳಿ. ಚಮಚ ಎಂದರೆ ತಲೆ ಸಮ ಮಾಡಿದ ಟೀ ಚಮಚ. ಬೆವರಿನಲ್ಲಿ ಹೋದ ಉಪ್ಪನ್ನು ಬರಿ ನೀರು ತುಂಬಿಕೊಡುವುದಿಲ್ಲ.

ಊಟಕ್ಕೆ ಪುಳಿಯೋಗರೆ ಒಳ್ಳೆಯದು: ಬೇಗ ಹಳಸುವುದಿಲ್ಲ, ತಣ್ಣಗಾದರೂ ರುಚಿ ಕೆಡುವುದಿಲ್ಲ. ನಡುನಡುವೆ ಬಾಯಾಡಿಸಲು ಕಡಲೆಮಿಠಾಯಿ, ಖರ್ಜೂರ, ಬಾಳೆಹಣ್ಣು. ಎಲ್ಲವನ್ನೂ ಸ್ಟೀಲ್ ಡಬ್ಬಿಯಲ್ಲಿ ತನ್ನಿ. ಚಿಪ್ಸ್ ಪೊಟ್ಟಣವನ್ನು ಮನೆಯಲ್ಲೇ ಒಡೆದು ಡಬ್ಬಿಗೆ ಸುರಿದುಕೊಂಡರೆ ಬೆಟ್ಟದ ಮೇಲೆ ಹಾರಿಹೋಗಲು ಪ್ಲಾಸ್ಟಿಕ್ ಎಂಬುದೇ ಇರುವುದಿಲ್ಲ. ಅಲ್ಲಿನ ಗಾಳಿಗೆ ಕೈಯಿಂದ ಜಾರಿದ ಪೊಟ್ಟಣವನ್ನು ಮತ್ತೆ ಹಿಡಿಯಲು ಆಗುವುದಿಲ್ಲ.

ಬಟ್ಟೆಯ ವಿಷಯದಲ್ಲಿ ಬೆಂಗಳೂರಿಗರು ತಪ್ಪು ಮಾಡುತ್ತಾರೆ. ಚಿಕ್ಕಮಗಳೂರು ಪಟ್ಟಣವೇ ಸುಮಾರು 1,090 ಮೀಟರ್ ಎತ್ತರದಲ್ಲಿದೆ, ಶಿಖರ ಅದಕ್ಕಿಂತ 800 ಮೀಟರಿಗೂ ಹೆಚ್ಚು ಮೇಲಿದೆ. ಪ್ರತಿ ಸಾವಿರ ಮೀಟರಿಗೆ ಸರಾಸರಿ ಆರೂವರೆ ಡಿಗ್ರಿ ತಾಪ ಇಳಿಯುತ್ತದೆಯಾದ್ದರಿಂದ, ಪಟ್ಟಣಕ್ಕಿಂತ ಅಲ್ಲಿ ಸುಮಾರು ಐದು ಡಿಗ್ರಿ ತಂಪು. ಇದರ ಮೇಲೆ ಗಾಳಿ ಬೇರೆ. ಜೀನ್ಸ್ ಬೇಡ, ನೆನೆದರೆ ಕಲ್ಲಿನಂತೆ ಭಾರವಾಗುತ್ತದೆ. ಬೇಗ ಒಣಗುವ ಪ್ಯಾಂಟು, ತುಂಬುತೋಳಿನ ಅಂಗಿ, ಗಾಳಿ ತಡೆಯುವ ಒಂದು ಜಾಕೆಟ್, ಕಿವಿ ಮುಚ್ಚುವ ಟೋಪಿ. ಕಾಲುಚೀಲ ಎರಡು ಜೊತೆ. ಮೊಬೈಲಿನಲ್ಲಿ ಮೊದಲೇ ಇಳಿಸಿಕೊಂಡ ನಕ್ಷೆ, ಅದಕ್ಕೊಂದು ಪವರ್ ಬ್ಯಾಂಕ್. ಒಂದು ಸೀಟಿ. ಒಂದು ಟಾರ್ಚ್. ಒಂದು ಊರುಗೋಲು, ಮರದ್ದಾದರೂ ಸರಿ.

ಚಿಕ್ಕಮಗಳೂರು ತಲುಪುವುದು

ಸುಮಾರು 245 ಕಿ.ಮೀ. ಸ್ವಂತ ವಾಹನದವರಿಗೆ ನೆಲಮಂಗಲ, ಕುಣಿಗಲ್, ಚನ್ನರಾಯಪಟ್ಟಣ, ಹಾಸನ, ಬೇಲೂರು ದಾರಿ. ನಾನು ಮೆಜೆಸ್ಟಿಕ್‌ನಿಂದ ರಾತ್ರಿಯ ಕೆಎಸ್‌ಆರ್‌ಟಿಸಿ ಬಸ್ಸನ್ನೇ ಹಿಡಿಯುತ್ತೇನೆ. ಏಳು ಗಂಟೆ ನಡೆದು ದಣಿದ ಕಾಲಿನಲ್ಲಿ ಅದೇ ಸಂಜೆ ಬ್ರೇಕು, ಕ್ಲಚ್ಚು ಒತ್ತುತ್ತಾ ಬೆಂಗಳೂರಿಗೆ ವಾಪಸಾಗುವುದು ಅಪಾಯದ ಕೆಲಸ. ರೈಲು ಇಷ್ಟಪಡುವವರು ಕಡೂರಿನಲ್ಲಿ ಇಳಿದು ಸುಮಾರು 40 ಕಿ.ಮೀ. ಬಸ್ಸಿನಲ್ಲಿ ಬರಬಹುದು.

ಬೆಳಗಿನ ಜಾವ ಇಳಿದವರು ಮುಖ ತೊಳೆದು, ಬಸ್ ನಿಲ್ದಾಣದ ಹತ್ತಿರ ಬಿಸಿ ಇಡ್ಲಿ, ಒಂದು ಲೋಟ ಕಾಫಿ ಮುಗಿಸಿ. ಈ ಕಾಫಿಯ ಊರು ನೀವು ಹತ್ತಲಿರುವ ಶ್ರೇಣಿಯೇ: ಹದಿನೇಳನೆಯ ಶತಮಾನದಲ್ಲಿ ಬಾಬಾಬುಡನ್ ಯೆಮೆನ್‌ನ ಮೋಕಾದಿಂದ ಏಳು ಬೀಜ ತಂದು ಇಲ್ಲಿ ಬಿತ್ತಿದರೆಂದು ಪ್ರತೀತಿ. ಆಮೇಲೆ ಸರ್ಪದಾರಿಯ ಬುಡದವರೆಗೆ ಆಟೊ ಅಥವಾ ಜೀಪು ಮಾತಾಡಿಕೊಳ್ಳಿ. ಬಾಡಿಗೆಯನ್ನು ಹತ್ತುವ ಮೊದಲೇ ಗೊತ್ತುಮಾಡಿಕೊಂಡು, ಚಾಲಕರ ಫೋನ್ ನಂಬರು ಪಡೆದು, ಎಷ್ಟು ಹೊತ್ತಿಗೆ ಇಳಿಯುತ್ತೀರೆಂದು ಅವರಿಗೆ ಹೇಳಿಡಿ. ನೀವು ಬಾರದಿದ್ದರೆ ವಿಚಾರಿಸಲು ಬೆಟ್ಟದ ಕೆಳಗೆ ಒಬ್ಬರಾದರೂ ಇರುತ್ತಾರೆ. ಕತ್ತಲಿನಲ್ಲಿ ಮಾತ್ರ ನಡೆಯಲು ಶುರುಮಾಡಬೇಡಿ. ಕೆಳಗಿನ ತೋಟಗಳಲ್ಲಿ ಆನೆ, ಕಣಿವೆಯ ಕಾಡಿನಲ್ಲಿ ಕಾಟಿ (ಕಾಡುಕೋಣ) ಓಡಾಡುವ ಸೀಮೆ ಇದು. ಬೆಳಕು ಚೆನ್ನಾಗಿ ಹರಿದ ಮೇಲೆ, ಏಳರ ಸುಮಾರಿಗೆ ಹೊರಡುವುದು ಸರಿ.

ಹತ್ತುವುದು

ಮೊದಲ ಇಪ್ಪತ್ತು ನಿಮಿಷ ಬೇಕೆಂದೇ ನಿಧಾನವಾಗಿ ನಡೆಯಿರಿ. ಗುಂಪಿನಲ್ಲಿ ಅತಿ ನಿಧಾನದವರನ್ನು ಮುಂದೆ ಬಿಡಿ. ಹಿಂದೆ ಬಿಟ್ಟರೆ ಅವರು ತಲುಪುವಷ್ಟರಲ್ಲಿ ಉಳಿದವರ ವಿಶ್ರಾಂತಿ ಮುಗಿದಿರುತ್ತದೆ, ಅವರಿಗೆ ಕೂರುವ ಅವಕಾಶವೇ ಸಿಗುವುದಿಲ್ಲ.

ದಾರಿ ಹಾವಿನಂತೆ ಗುಡ್ಡದ ಬೆನ್ನಿನ ಮೇಲೆ ಬಳುಕುತ್ತಾ ಹೋಗುತ್ತದೆ. ಇದೇ ತುದಿ ಎಂದುಕೊಂಡು ಹತ್ತಿದ ಕಡೆ ಇನ್ನೊಂದು ದಿಣ್ಣೆ ಎದುರಾಗುತ್ತದೆ. ಇದು ಮೊದಲೇ ಗೊತ್ತಿದ್ದರೆ ಮನಸ್ಸು ಕುಗ್ಗುವುದಿಲ್ಲ. ಅಲ್ಲಲ್ಲಿ ದಾರಿ ಎರಡಾಗಿ ಸೀಳಿದಂತೆ ಕಾಣುತ್ತದೆ. ಹೆಚ್ಚು ಸವೆದ, ಹಳೆಯ ದಾರಿಯನ್ನೇ ಹಿಡಿಯಿರಿ. ತಿರುವನ್ನು ತಪ್ಪಿಸಿ ನೇರ ಹತ್ತಿದವರ ಹೆಜ್ಜೆಯಿಂದ ಹುಟ್ಟಿದ ಅಡ್ಡದಾರಿಗಳು ಮುಂದಿನ ಮಳೆಗೆ ಕೊರಕಲಾಗುತ್ತವೆ. ಹುಲ್ಲಿನ ಬೇರು ಕಿತ್ತುಹೋದ ಮೇಲೆ ಆ ಇಳಿಜಾರಿನಲ್ಲಿ ಮಣ್ಣು ನಿಲ್ಲುವುದಿಲ್ಲ.

ಒಂದು ಗಂಟೆಯ ನಡಿಗೆಯ ನಂತರ ಗಾಳಿಗೆ ಬೆನ್ನು ಮಾಡಿ ಕುಳಿತು ಕೆಳಗೆ ನೋಡಿ. ಈ ದಾರಿಯ ನಿಜವಾದ ಸಂಪತ್ತು ಇಲ್ಲಿದೆ. ಬೆಟ್ಟದ ನೆತ್ತಿ, ಬೆನ್ನು, ಭುಜಗಳೆಲ್ಲ ಹುಲ್ಲು. ಎರಡು ಗುಡ್ಡಗಳು ಸೇರುವ ಮಡಿಕೆಗಳಲ್ಲಿ ಮಾತ್ರ ಕಡುಹಸಿರಿನ ಕುಳ್ಳ ಮರಗಳ ಕಾಡು ಒತ್ತೊತ್ತಾಗಿ ಕುಳಿತಿದೆ. ಅದು ಶೋಲಾ. ಯಾರೋ ಮರ ಕಡಿದು ಗುಡ್ಡವನ್ನು ಬೋಳು ಮಾಡಿದ್ದಾರೆಂದು ನೋಡಿದವರು ಅಂದುಕೊಳ್ಳುತ್ತಾರೆ. ನನ್ನ ಜೊತೆ ಬಂದಿದ್ದ ಕಡೂರಿನ ಚಿಕ್ಕಪ್ಪನೂ ಹಾಗೆಯೇ, "ಇಲ್ಲೆಲ್ಲ ಸಸಿ ನೆಟ್ಟಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು" ಎಂದರು. ಇದು ನಮ್ಮಲ್ಲಿ ಬಹಳ ಹಳೆಯ ತಪ್ಪು ತಿಳಿವಳಿಕೆ. ಹುಲ್ಲುಗಾವಲನ್ನು ಬಂಜರು ಎಂದು ದಾಖಲೆಯಲ್ಲಿ ಬರೆದು, ಪಶ್ಚಿಮಘಟ್ಟದ ಎಷ್ಟೋ ಬೆಟ್ಟಗಳ ಮೇಲೆ ಅಕೇಶಿಯ, ನೀಲಗಿರಿ ನೆಟ್ಟದ್ದು ಈ ತಿಳಿವಳಿಕೆಯಿಂದಲೇ. ನೆತ್ತಿಯ ತೆಳುವಾದ ಮಣ್ಣು, ಬಿರುಗಾಳಿ, ಚಳಿ, ಆಗಾಗ ಬೀಳುವ ಬೆಂಕಿ, ಇವುಗಳಲ್ಲಿ ಬಾಳಬಲ್ಲದ್ದು ಹುಲ್ಲು. ಮಣ್ಣು ಆಳವಾಗಿ ತೇವ ನಿಲ್ಲುವ ಮಡಿಕೆಯಲ್ಲಿ ಶೋಲಾ. ಮೇಲೆ ಬಿದ್ದ ಮಳೆಯನ್ನು ಹುಲ್ಲಿನ ಬೇರುಗಳು ಹಿಡಿದು ಮೆಲ್ಲಗೆ ಕೆಳಕ್ಕೆ ಬಿಡುತ್ತವೆ, ಶೋಲಾದೊಳಗಿನ ಝರಿ ಮಳೆ ನಿಂತ ತಿಂಗಳುಗಳ ನಂತರವೂ ಜಿನುಗುತ್ತದೆ.

ಚಿಕ್ಕಪ್ಪನಿಗೆ ಇದನ್ನು ಅರ್ಥಮಾಡಿಸಲು ನಾನು ಅವರ ಊರಿನ ಕಡೆಗೇ ಕೈ ತೋರಿಸಿದೆ. ಕುದುರೆಲಾಳದಂತೆ ಬಾಗಿರುವ ಈ ಚಂದ್ರದ್ರೋಣ ಶ್ರೇಣಿಯ ಪೂರ್ವದ ಮಗ್ಗುಲಿನಲ್ಲೇ ವೇದಾ, ಅವತಿ ಎಂಬ ಹೊಳೆಗಳು ಹುಟ್ಟುತ್ತವೆ. ಸಖರಾಯಪಟ್ಟಣದ ಅಯ್ಯನಕೆರೆ ತುಂಬುವುದು ಈ ಬೆಟ್ಟದ ನೀರಿನಿಂದ. ಎರಡು ಹೊಳೆಗಳು ಕಡೂರು ತಾಲ್ಲೂಕಿನಲ್ಲಿ ಕೂಡಿ ವೇದಾವತಿಯಾಗಿ ಹಿರಿಯೂರಿನ ವಾಣಿವಿಲಾಸ ಸಾಗರಕ್ಕೆ ಹೋಗುತ್ತವೆ. 2022ರಲ್ಲಿ ಸುಮಾರು ಒಂಬತ್ತು ದಶಕಗಳ ನಂತರ ಆ ಜಲಾಶಯ ಕೋಡಿ ಬಿದ್ದಾಗ ಬಯಲುಸೀಮೆಯ ಜನ ಬಾಗಿನ ಹಿಡಿದು ನಿಂತಿದ್ದರು. ಅದೇ ವರ್ಷದ ಮಳೆಗಾಲದ ಕೊನೆಯಲ್ಲಿ ಈ ಗಿರಿಗಳಲ್ಲಿ ನೀಲಕುರಿಂಜಿ ಅರಳಿತ್ತು. ಹನ್ನೆರಡು ವರ್ಷಕ್ಕೊಮ್ಮೆ ಅರಳುವ ಗಿಡವದು. ಹೂವಿಲ್ಲದ ವರ್ಷಗಳಲ್ಲಿ ಅದು ಬರಿಯ ಪೊದೆಯಂತೆ ಕಾಣುತ್ತದೆ, ಕಾಲಡಿ ಸಿಕ್ಕರೆ ತುಳಿಯಬೇಡಿ.

ಮಂಜು ದಟ್ಟವಾಗಿ ಕವಿದರೆ ಇದ್ದಲ್ಲೇ ನಿಂತು ಹತ್ತು ನಿಮಿಷ ಕಾಯಿರಿ, ಬಹುತೇಕ ಅದು ಸರಿದುಹೋಗುತ್ತದೆ. ಗುಡುಗಿಗೆ ಮಾತ್ರ ಕಾಯಬೇಡಿ. ಮಿಂಚಿದ ಮೇಲೆ ಗುಡುಗು ಕೇಳುವವರೆಗೆ ಎಣಿಸಿ: ಮೂರು ಸೆಕೆಂಡಿಗೆ ಒಂದು ಕಿಲೋಮೀಟರ್. ಮೂವತ್ತರೊಳಗೆ ಗುಡುಗು ಕೇಳಿದರೆ ಸಿಡಿಲು ನಿಮ್ಮನ್ನು ಮುಟ್ಟುವ ದೂರದಲ್ಲಿದೆ, ಈ ಬೋಳು ಬೆನ್ನಿನ ಮೇಲೆ ಎತ್ತರದ ವಸ್ತುವೆಂದರೆ ನೀವೇ. ಕೂಡಲೇ ಕೆಳಗಿಳಿಯಿರಿ, ಒಂಟಿಮರದ ಕೆಳಗೆ ನಿಲ್ಲಬೇಡಿ. ಅಕ್ಟೋಬರ್ ಮಧ್ಯಾಹ್ನಗಳಲ್ಲಿ ಗುಡುಗು ಮಳೆ ಸಾಮಾನ್ಯವಾದ್ದರಿಂದ ಹನ್ನೊಂದರೊಳಗೆ ಶಿಖರ ಮುಟ್ಟುವ ಲೆಕ್ಕ ಇಟ್ಟುಕೊಳ್ಳಿ.

ತುದಿಯಲ್ಲಿ

ಎರಡರಿಂದ ಎರಡೂವರೆ ಗಂಟೆಗೆ ಮುಳ್ಳಯ್ಯನ ಗುಡಿ ಸಿಗುತ್ತದೆ. ಪಾದರಕ್ಷೆ ಹೊರಗೆ ಬಿಟ್ಟು ದರ್ಶನ ಮಾಡಿ. ಮುಳ್ಳಪ್ಪಸ್ವಾಮಿ ತಪಸ್ಸು ಮಾಡಿದರೆಂದು ನಂಬುವ ಗುಹೆಗಳೂ ಇಲ್ಲಿವೆ. ಬೆವರಿದ ಮೈಗೆ ಗಾಳಿ ತಾಗುವ ಮೊದಲೇ ಜಾಕೆಟ್ ಹಾಕಿಕೊಳ್ಳಿ. ಊಟವನ್ನು ಗಾಳಿಯ ಮರೆ ನೋಡಿಕೊಂಡು ಮುಗಿಸಿ.

ಇಳಿಯುವುದು

ಸುತ್ತನ್ನು ಈ ದಿಕ್ಕಿನಲ್ಲೇ ಮಾಡಲು ನನಗೆ ಬಲವಾದ ಕಾರಣವಿದೆ. ಮೊದಲ ಸಲ ನಾನು ಉಲ್ಟಾ ಹೋಗಿದ್ದೆ: ರಸ್ತೆಯಲ್ಲಿ ಹತ್ತಿ, ಸರ್ಪದಾರಿಯಲ್ಲಿ ಇಳಿದೆ. ಇಬ್ಬನಿಗೆ ನೆನೆದ ಹುಲ್ಲು, ಅದರಡಿಯ ಉರುಟು ಕಲ್ಲುಗಳು ಸೇರಿ ಎರಡು ಸಲ ಬೀಳಿಸಿದವು. ಎರಡನೆಯ ಸಲ ಉಳುಕಿದ ಪಾದ ಸರಿಹೋಗಲು ಮೂರು ವಾರ ಹಿಡಿಯಿತು. ಹುಲ್ಲನ್ನು ಹತ್ತಿ, ಮೆಟ್ಟಿಲು ಮತ್ತು ರಸ್ತೆಯಲ್ಲಿ ಇಳಿಯುವುದು ಮೊಣಕಾಲಿಗೂ ಹಿತ, ಹುಲ್ಲಿಗೂ ಹಿತ.

ಮೆಟ್ಟಿಲುಗಳನ್ನು ಸಣ್ಣ ಹೆಜ್ಜೆಯಲ್ಲಿ, ಮೊಣಕಾಲು ತುಸು ಬಾಗಿಸಿ ಇಳಿಯಿರಿ. ಕೆಳಗಿನಿಂದ ಸೀತಾಳಯ್ಯನಗಿರಿಯವರೆಗೆ ರಸ್ತೆ ಕಿರಿದು, ಒಂದು ಬದಿ ಪ್ರಪಾತ. ಎದುರಿನಿಂದ ಬರುವ ವಾಹನ ಕಾಣುವಂತೆ ಬಲಬದಿಯಲ್ಲಿ, ಒಬ್ಬರ ಹಿಂದೊಬ್ಬರು ನಡೆಯಿರಿ. ತಿರುವುಗಳಲ್ಲಿ ಹಾಡು ಕೇಳುವ ಇಯರ್‌ಫೋನ್ ತೆಗೆದಿಡಿ. ಸೀತಾಳ ಮಲ್ಲಿಕಾರ್ಜುನನ ಗುಡಿಯಲ್ಲಿ ಒಂದಷ್ಟು ಹೊತ್ತು ಕುಳಿತರೆ ಹತ್ತಿದ ಶಿಖರ ಇಡಿಯಾಗಿ ಕಾಣುತ್ತದೆ, ನಡೆದುಬಂದ ದಾರಿಯನ್ನು ಬೆರಳಿನಲ್ಲಿ ಗುರುತಿಸಬಹುದು. ಅಲ್ಲಿಂದ ಮುಂದೆ ಕವಲಿನಲ್ಲಿ ಕೈಮರದ ಕಡೆಗೆ ತಿರುಗಿ ಇಳಿದರೆ ಸರ್ಪದಾರಿಯ ಬುಡಕ್ಕೆ ಬಂದು ಸುತ್ತು ಮುಗಿಯುತ್ತದೆ. ಕಾಲು ಸೋತಿದ್ದರೆ ಈ ಕೊನೆಯ ಭಾಗಕ್ಕೆ ಸೀತಾಳಯ್ಯನಗಿರಿಯಿಂದಲೇ ಜೀಪು ಹಿಡಿಯುವುದರಲ್ಲಿ ಸಂಕೋಚವೇನೂ ಬೇಡ.

ತುರ್ತಿಗೆ 112, ಆಂಬುಲೆನ್ಸ್‌ಗೆ 108, ಬೆಂಕಿ ಅಥವಾ ಕಾಡುಪ್ರಾಣಿಯ ವಿಷಯಕ್ಕೆ ಅರಣ್ಯ ಇಲಾಖೆಯ 1926.

ಇಂಬಳ ಮತ್ತು ಉಣ್ಣೆ

ಮಳೆಯ ತೇವ ಇರುವವರೆಗೆ ಇಂಬಳ (ಜಿಗಣೆ) ಇದ್ದೇ ಇರುತ್ತದೆ. ಪ್ಯಾಂಟನ್ನು ಕಾಲುಚೀಲದೊಳಗೆ ಸೇರಿಸಿ. ಹತ್ತಿದರೆ ಎಳೆದು ಕೀಳಬೇಡಿ, ಉಗುರಿನಿಂದ ಪಕ್ಕಕ್ಕೆ ಸರಿಸಿದರೆ ಬಿಡುತ್ತದೆ. ಅದು ರಕ್ತ ಹೆಪ್ಪುಗಟ್ಟದಂತೆ ಮಾಡುವ ರಸವನ್ನು ಬಿಟ್ಟಿರುವುದರಿಂದ ಗಾಯ ಸ್ವಲ್ಪ ಹೊತ್ತು ಒಸರುತ್ತದೆ. ಒತ್ತಿಹಿಡಿದು ತೊಳೆದರೆ ಸಾಕು. ಇಂಬಳ ಅಸಹ್ಯ ಹುಟ್ಟಿಸಬಹುದು, ರೋಗ ತರುವುದಿಲ್ಲ.

ಗಂಭೀರವಾಗಿ ತೆಗೆದುಕೊಳ್ಳಬೇಕಾದದ್ದು ಮೈಗೆ ಕಚ್ಚಿಕೊಂಡು ರಕ್ತ ಹೀರುವ ಉಣ್ಣೆಯನ್ನು (ಉಣುಗನ್ನು). 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಮಂಗನ ಕಾಯಿಲೆಯನ್ನು ಹರಡುವುದು ಇದೇ ಜೀವಿ. ಚಿಕ್ಕಮಗಳೂರು ಜಿಲ್ಲೆಯ ಮಲೆನಾಡು ಭಾಗದಲ್ಲಿಯೂ ಈ ಕಾಯಿಲೆ ಕಾಣಿಸಿಕೊಳ್ಳುತ್ತದೆ. ಮಳೆ ಮುಗಿದ ಮೇಲೆ, ಡಿಸೆಂಬರ್‌ನಿಂದ ಮೇವರೆಗೆ ಅದರ ಕಾಲ. ಕಾಡಂಚಿನ ಊರುಗಳಲ್ಲಿ ಉಣ್ಣೆ ಹತ್ತದಂತೆ ಮೈಗೆ ಹಚ್ಚಿಕೊಳ್ಳುವ ಡೇಪಾ ತೈಲವನ್ನು ಆರೋಗ್ಯ ಇಲಾಖೆ ಹಂಚುವುದು ಇದಕ್ಕಾಗಿಯೇ. ಶೋಲಾದ ನೆರಳಿಗೆ ನುಗ್ಗಿ ತರಗೆಲೆಗಳ ಮೇಲೆ ಕೂರಬೇಡಿ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಅರಣ್ಯ ಸಿಬ್ಬಂದಿಗೆ ತಿಳಿಸಿ.

ಮನೆಗೆ ಬಂದ ತಕ್ಷಣ ಬಟ್ಟೆಗಳನ್ನು ಬಿಸಿನೀರಿನಲ್ಲಿ ನೆನೆಹಾಕಿ, ಸಾಬೂನು ಹಚ್ಚಿ ಸ್ನಾನ ಮಾಡಿ, ಕಂಕುಳು, ಮೊಣಕಾಲ ಸಂದು, ಕಿವಿಯ ಹಿಂಭಾಗ ನೋಡಿಕೊಳ್ಳಿ. ಮುಂದಿನ ಹತ್ತು ದಿನಗಳಲ್ಲಿ ಇದ್ದಕ್ಕಿದ್ದಂತೆ ಚಳಿಜ್ವರ, ತಲೆನೋವು, ಮೈಕೈ ನೋವು ಬಂದರೆ ಮಾತ್ರೆ ನುಂಗಿ ಸುಮ್ಮನಾಗಬೇಡಿ. ಬೆಂಗಳೂರಿನ ವೈದ್ಯರು ಮೊದಲು ಡೆಂಗಿಯನ್ನೇ ಯೋಚಿಸುತ್ತಾರೆ. ಮಲೆನಾಡಿನ ಬೆಟ್ಟದಲ್ಲಿ ನಡೆದುಬಂದಿರುವುದನ್ನು, ಯಾವ ದಿನಾಂಕದಂದು ಎಂಬುದನ್ನೂ ಸೇರಿಸಿ, ನೀವೇ ಅವರಿಗೆ ಹೇಳಿ.